ಹಳೇ ಬೈಕಿನ ಲೈಟ್ ಮಂಕಾಗಿದ್ಯಾ? ಮೊದಲು ಅರ್ಥ್ ನೋಡಿ

ಹಳೇ ಬೈಕಿನ ಹೆಡ್‌ಲೈಟ್ ಮಂಕಾದ ಕೂಡಲೇ ಜನ ಬ್ಯಾಟರಿ ಬದಲಿಸುತ್ತಾರೆ. ಆಮೇಲೆ ಬಲ್ಬು, ಆಮೇಲೆ ರೆಗ್ಯುಲೇಟರ್. ದುಡ್ಡು ಖಾಲಿಯಾಗುತ್ತದೆ, ಲೈಟ್ ಮಾತ್ರ ಹಾಗೇ ಇರುತ್ತದೆ. ನಾನು ನೋಡಿದ ಮಟ್ಟಿಗೆ ತೊಂದರೆ ಜಾಸ್ತಿ ಇರುವುದು ಜಾಯಿಂಟುಗಳಲ್ಲಿ, ಅದರಲ್ಲೂ ಕರೆಂಟ್ ವಾಪಸ್ ಬರುವ ದಾರಿಯಾದ ಅರ್ಥಿಂಗ್‌ನಲ್ಲಿ.

ಬಲ್ಬಿಗೆ ಹೋದ ಕರೆಂಟ್ ಚಾಸಿಯ, ಅಂದರೆ ಬೈಕಿನ ಲೋಹದ ಚೌಕಟ್ಟಿನ, ಮೂಲಕವೇ ಬ್ಯಾಟರಿಗೆ ವಾಪಸ್ ಬರಬೇಕು ಅಲ್ವಾ? ಚಾಸಿಗೆ ಚೆಂದದ ಪೌಡರ್ ಕೋಟಿಂಗ್ ಮಾಡಿಸಿ, ಅದರ ಮೇಲೇ ಅರ್ಥ್ ವೈರ್ ಬಿಗಿದರೆ ಕರೆಂಟ್ ಎಲ್ಲಿಂದ ಹೋಗಬೇಕು? ಬೋಲ್ಟಿನ ಕೆಳಗೆ ಎಮರಿ ಪೇಪರ್‌ನಿಂದ ಉಜ್ಜಿ ಲೋಹ ಹೊಳೆಯುವ ಹಾಗೆ ಮಾಡಿ. ಕೆಲವು ಬೈಕುಗಳಲ್ಲಂತೂ ಹೆಡ್‌ಲೈಟಿನ ಅರ್ಥ್ ಹ್ಯಾಂಡಲ್ ಬೇರಿಂಗ್ ದಾಟಿ ಬರಬೇಕು, ಅಲ್ಲಿ ಗುಂಡುಗಳ ಸುತ್ತ ಗ್ರೀಸ್ ತುಂಬಿರುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಲೈಟ್ ಮಿಣುಕಿದರೆ ಇದನ್ನೂ ಅನುಮಾನಿಸಿ. ಹೆಡ್‌ಲೈಟ್‌ನಿಂದ ಚಾಸಿಗೆ ಬೇರೆಯದೇ ಒಂದು ವೈರ್ ಎಳೆದುಬಿಡಿ.

6 ವೋಲ್ಟಿನ ಬೈಕಿಗೆ ಇದರ ಪೆಟ್ಟು ದೊಡ್ಡದು. 36 ವ್ಯಾಟ್ ಬಲ್ಬು 6 ಆಂಪಿಯರ್ ಎಳೆಯುತ್ತದೆ, ದಾರಿಯಲ್ಲಿ 0.1 ಓಮ್ ಅಡ್ಡಿ ಇದ್ದರೂ ಸುಮಾರು 0.6 ವೋಲ್ಟ್, ಅಂದರೆ ಹತ್ತರಲ್ಲಿ ಒಂದು ಪಾಲು, ಅಲ್ಲೇ ಹೋಯಿತು. 12 ವೋಲ್ಟಿನಲ್ಲಿ ಅಷ್ಟೇ ವ್ಯಾಟಿನ ಬಲ್ಬು 3 ಆಂಪಿಯರ್ ಮಾತ್ರ ಎಳೆಯುತ್ತದೆ, ಅದೇ ಅಡ್ಡಿಗೆ ನಷ್ಟ 0.3 ವೋಲ್ಟ್ ಅಷ್ಟೇ.

ವೈರ್ ತುಂಡಾಗಿಲ್ಲ ಎಂದು ಮಲ್ಟಿಮೀಟರ್ ಬೀಪ್ ಅಂದಿತು ಅಂತ ಸುಮ್ನೆ ನಂಬಬೇಡಿ. ಒಳಗೆ ಒಂದೇ ಎಳೆ ಉಳಿದ ವೈರಿಗೂ ಅದು ಬೀಪ್ ಅನ್ನುತ್ತದೆ. ಲೈಟ್ ಹಾಕಿಟ್ಟೇ ಅಳೆಯಿರಿ: ಮೀಟರ್ ಡಿಸಿ ವೋಲ್ಟಿನಲ್ಲಿರಲಿ, ಒಂದು ಕಡ್ಡಿ ಬ್ಯಾಟರಿಯ ಅರ್ಥ್ ಟರ್ಮಿನಲ್ ಮೇಲೆ, ಇನ್ನೊಂದು ಬಲ್ಬ್ ಹೋಲ್ಡರಿನ ಅರ್ಥ್ ಮೇಲೆ. ಸೊನ್ನೆಯ ಹತ್ತಿರ ತೋರಿಸಬೇಕು. ಅರ್ಧ ವೋಲ್ಟ್ ತೋರಿಸಿದರೆ ಎರಡನೇ ಕಡ್ಡಿಯನ್ನು ಒಂದೊಂದೇ ಜಾಯಿಂಟ್ ದಾಟಿಸುತ್ತಾ ಬ್ಯಾಟರಿ ಕಡೆಗೆ ತನ್ನಿ, ರೀಡಿಂಗ್ ಎಲ್ಲಿ ತಟ್ಟನೆ ಇಳಿಯುತ್ತದೋ ಆಗ ತಾನೇ ದಾಟಿದ ಜಾಯಿಂಟೇ ಕಳ್ಳ.

ಅಂದ ಹಾಗೆ, ಹಳೇ ಬ್ರಿಟಿಷ್ ಬೈಕುಗಳಲ್ಲಿ ಎಷ್ಟೋ ಕಡೆ ಚಾಸಿಗೆ ಸೇರುವುದು ಬ್ಯಾಟರಿಯ ಪ್ಲಸ್. ಅಭ್ಯಾಸಬಲದಿಂದ ಮೈನಸ್ ಜೋಡಿಸಿದರೆ ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಸುಟ್ಟುಹೋಗಬಹುದು.

ಫ್ಯೂಸ್ ಪದೇಪದೇ ಹಾರುತ್ತಿದ್ದರೆ ಹೊಸದನ್ನು ಹಾಕುತ್ತಾ ಕೂರಬೇಡಿ. ಫ್ಯೂಸ್ ಜಾಗದಲ್ಲಿ ಬೈಕಿನ ವೋಲ್ಟೇಜಿಗೆ ತಕ್ಕ 21 ವ್ಯಾಟಿನ ಇಂಡಿಕೇಟರ್ ಬಲ್ಬು ಜೋಡಿಸಿ. ಶಾರ್ಟ್ ಇದ್ದರೆ ಅದು ಪೂರ್ತಿ ಪ್ರಕಾಶವಾಗಿ ಉರಿಯುತ್ತದೆ. ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋಗಿ, ಯಾವುದನ್ನು ಬಿಚ್ಚಿದಾಗ ಬಲ್ಬು ಆರುತ್ತದೋ ಆ ವೈರನ್ನು ಹಿಡಿದುಕೊಂಡು ಹುಡುಕಿ, ಮೊದಲು ಟ್ಯಾಂಕಿನ ಕೆಳಗೆ, ಆಮೇಲೆ ಹ್ಯಾಂಡಲ್ ತಿರುಗುವಲ್ಲಿ ಉಜ್ಜಿಹೋಗಿದೆಯಾ ಅಂತ.