ಅಂಕಿ ರೆಕ್ಕೆಯದೋ, ತಂತಿಯದೋ?

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ವೀಟ್‌ಸ್ಟೋನ್ ಬ್ರಿಜ್ (ನಾಲ್ಕು ರೋಧಗಳನ್ನು, ಅಂದರೆ ಆರ್ಮ್‌ಗಳನ್ನು ಜೋಡಿಸಿ ರೋಧದ ಸಣ್ಣ ಬದಲಾವಣೆ ಅಳೆಯುವ ಸರ್ಕ್ಯೂಟ್) ಪ್ರಯೋಗ ಮುಗಿಸಿ, ರೆಕಾರ್ಡಿಗೆ ಸಹಿ ಹಾಕಿಸಿಕೊಂಡ ಮೇಲೆ ಅದರ ಕಡೆ ತಿರುಗಿ ನೋಡಿದವರು ಕಡಿಮೆ. ವಿಮಾನ ಪರೀಕ್ಷೆಯ ಕೆಲಸ ಹಿಡಿದವರನ್ನು ಮಾತ್ರ ಆ ಬ್ರಿಜ್ ನಿವೃತ್ತಿಯವರೆಗೂ ಬಿಡುವುದಿಲ್ಲ. ಈಗ ಇನ್‌ಸ್ಟ್ರುಮೆಂಟೇಶನ್ ಓದುತ್ತಿರುವವರಿಗೆ ಉಪಯೋಗವಾಗಲೆಂದು ಆ ಕೆಲಸದ ಬಗ್ಗೆಯೇ ಬರೆಯುತ್ತಿದ್ದೇನೆ.

ರೆಕ್ಕೆಯ ಸ್ಟ್ಯಾಟಿಕ್ ಟೆಸ್ಟ್, ಅಂದರೆ ನೆಲದ ಮೇಲೆಯೇ ರೆಕ್ಕೆಗೆ ಭಾರ ಹಾಕಿ ನೋಡುವ ಪರೀಕ್ಷೆ ತೆಗೆದುಕೊಳ್ಳೋಣ. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರ ಲಿಮಿಟ್ ಲೋಡ್; ಸಾಮಾನ್ಯವಾಗಿ ಅದರ ಒಂದೂವರೆ ಪಟ್ಟು ಅಲ್ಟಿಮೇಟ್ ಲೋಡ್. ಮೊದಲನೆಯದರಲ್ಲಿ ಹಾನಿಕರವಾದ ಬಾಗು ಉಳಿಯಕೂಡದು, ಎರಡನೆಯದನ್ನು ಕನಿಷ್ಠ 3 ಸೆಕೆಂಡ್ ತಾಳಬೇಕು. ಒಮ್ಮೆ ಮುರಿದ ರೆಕ್ಕೆಯ ಮೇಲೆ ಮತ್ತೆ ಟೆಸ್ಟ್ ಮಾಡಲಾಗದು. ಹಾಗಾಗಿ ಪರದೆಯ ಮೇಲಿನ ಅಂಕಿ ರೆಕ್ಕೆಯದೋ ತಂತಿಯದೋ ಎಂಬುದು ಭಾರ ಹಾಕುವ ಮೊದಲೇ ಇತ್ಯರ್ಥವಾಗಿರಬೇಕು.

ರೆಕ್ಕೆ ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯಲು ಅದರ ಮೇಲೆ ಅಂಟಿಸುವ ತೆಳು ರೋಧವೇ ಸ್ಟ್ರೇನ್ ಗೇಜ್. ಅದು 350 ಓಮ್, ಗೇಜ್ ಫ್ಯಾಕ್ಟರ್ (ಹಿಗ್ಗಿನ ಎಷ್ಟು ಪಟ್ಟು ರೋಧ ಬದಲಾಗುತ್ತದೆ ಎಂಬ ಅಂಕಿ) 2 ಎಂದಿಟ್ಟುಕೊಳ್ಳಿ. 1000 ಮೈಕ್ರೋಸ್ಟ್ರೇನಿಗೆ (ಒಂದು ಮೈಕ್ರೋಸ್ಟ್ರೇನ್ ಎಂದರೆ ಉದ್ದದ ಹತ್ತು ಲಕ್ಷದಲ್ಲಿ ಒಂದು ಭಾಗದ ಹಿಗ್ಗು) ರೋಧ ಬದಲಾಗುವುದು ಬರೀ 0.7 ಓಮ್. ಒಂದೇ ಆರ್ಮ್‌ನಲ್ಲಿ ಗೇಜ್ ಇರುವ ಕ್ವಾರ್ಟರ್ ಬ್ರಿಜ್‌ಗೆ 5 ವೋಲ್ಟ್ ಕೊಟ್ಟರೆ ಸಿಗುವುದು 2.5 ಮಿಲಿವೋಲ್ಟ್. ಇದನ್ನು ಕೆಡಿಸಲು ತಂತಿಯೊಂದೇ ಸಾಕು. ಎರಡೇ ತಂತಿ ಎಳೆದು, ಅವುಗಳ ಒಟ್ಟು ರೋಧ 2 ಓಮ್ ಇದ್ದರೆ, ತಾಪ 10 ಡಿಗ್ರಿ ಏರಿದಾಗ ತಾಮ್ರದ ರೋಧ ಸುಮಾರು 0.08 ಓಮ್ ಹೆಚ್ಚುತ್ತದೆ. ಭಾರವೇ ಇಲ್ಲದೆ 110 ಮೈಕ್ರೋಸ್ಟ್ರೇನ್! ಮೂರು ತಂತಿ ಎಳೆದರೆ ಈ ಏರಿಕೆ ಬ್ರಿಜ್‌ನ ಅಕ್ಕಪಕ್ಕದ ಎರಡು ಆರ್ಮ್‌ಗಳಿಗೂ ಸಮನಾಗಿ ಬಿದ್ದು ರದ್ದಾಗುತ್ತದೆ. ಕೇಬಲ್ ಉಳಿಸಲು ಹೋಗಿ ಎರಡಕ್ಕೇ ನಿಲ್ಲಿಸುವುದು ಉಳಿತಾಯವೇ ಅಲ್ಲ.

ಗೇಜ್ ಅಂಟಿಸುವುದು ಕೈಕೆಲಸ, ಅವಸರ ಮಾಡುವಂತಿಲ್ಲ. ಅಲ್ಯುಮಿನಿಯಮ್ ಮೇಲ್ಮೈಯ ಜಿಡ್ಡು ತೆಗೆದು, 320ರ, ಆಮೇಲೆ 400ರ ಸಿಲಿಕಾನ್ ಕಾರ್ಬೈಡ್ ಕಾಗದದಿಂದ ಒದ್ದೆಯಾಗಿಯೇ ಉಜ್ಜಬೇಕು. ಗಾಜ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಬೇಕು. ಹಿಂದೆಮುಂದೆ ಒರೆಸಿದರೆ ತೆಗೆದ ಕೊಳೆ ಮತ್ತೆ ಅಲ್ಲಿಗೇ ಬರುತ್ತದೆ. ಸಯನೋಅಕ್ರಿಲೇಟ್ ಅಂಟಾದರೆ ಹೆಬ್ಬೆರಳಿನಿಂದ ಕನಿಷ್ಠ ಒಂದು ನಿಮಿಷ ಒತ್ತಿ ಹಿಡಿಯಬೇಕು. ಬೆಸುಗೆ ಹಾಕಿದ ಮೇಲೆ ಫ್ಲಕ್ಸ್ ಪೂರ್ತಿ ತೊಳೆಯದಿದ್ದರೆ ಅದು ತೇವ ಹೀರಿ ಇನ್ಸುಲೇಶನ್ ಇಳಿಸುತ್ತದೆ, ರೀಡಿಂಗ್ ನಿಧಾನವಾಗಿ ಜಾರತೊಡಗುತ್ತದೆ. ಇನ್ಸುಲೇಶನ್ ನೋಡಲು 500 ವೋಲ್ಟಿನ ಮೆಗ್ಗರ್ ಮುಟ್ಟಬೇಡಿ, ಗೇಜೇ ಹೋದೀತು. ಕಡಿಮೆ ವೋಲ್ಟೇಜಿನ ಗೇಜ್ ಟೆಸ್ಟರ್ ಬಳಸಿ.

ಆಮೇಲೆ ಶಂಟ್ ಕ್ಯಾಲಿಬ್ರೇಶನ್, ಅಂದರೆ ಗೊತ್ತಿರುವ ರೋಧ ಹಾಕಿ ಅಂಕಿ ಸರಿಯಾಗಿ ಬರುತ್ತದೆಯೇ ಎಂದು ನೋಡುವುದು. ಮೇಲೆ ಹೇಳಿದ ಗೇಜಿಗೆ 174.65 ಕಿಲೋಓಮ್ ರೆಸಿಸ್ಟರನ್ನು ಸಮಾಂತರವಾಗಿ ಹಾಕಿದರೆ ಮೈನಸ್ 1000 ಮೈಕ್ರೋಸ್ಟ್ರೇನ್ ಕಾಣಬೇಕು. ಪ್ಲಸ್ ಕಂಡರೆ ಸಂಪರ್ಕ ತಿರುವುಮುರುವು. ಆದರೆ ಇದು ವಿದ್ಯುತ್ತಿನ ಪರೀಕ್ಷೆ ಅಷ್ಟೇ, ಅಂಟಿನ ವಿಷಯ ಇದಕ್ಕೆ ಗೊತ್ತಾಗದು. ಅದಕ್ಕೆ ಪೆನ್ಸಿಲ್ ರಬ್ಬರಿನಿಂದ ಗೇಜನ್ನು ಮೆಲ್ಲಗೆ ಒತ್ತಿ ಬಿಡಿ. ಅಂಕಿ ಕದಲಿ ಮತ್ತೆ ಮೊದಲಿನಲ್ಲಿಗೆ ಬರದಿದ್ದರೆ ಅಡಿಯಲ್ಲಿ ಗುಳ್ಳೆ ಇದೆ ಎನ್ನಿ. ಕಿತ್ತು ಹೊಸದು ಅಂಟಿಸುವುದೇ ದಾರಿ.

ಕಾಂಪೊಸಿಟ್ (ನಾರು, ರಾಳ ಸೇರಿಸಿ ಮಾಡಿದ ವಸ್ತು) ಮೇಲೆ ಗೇಜಿನ ಶಾಖ ಬೇಗ ಹರಿದುಹೋಗುವುದಿಲ್ಲ. 5 ವೋಲ್ಟಿನಲ್ಲಿ 350 ಓಮ್ ಗೇಜ್ ಸುಮಾರು 18 ಮಿಲಿವ್ಯಾಟ್ ಉರಿಸುತ್ತದೆ, ಆದ್ದರಿಂದ ವೋಲ್ಟೇಜ್ ಇಳಿಸಬೇಕು.

ಎರಡು ಲೋಹದ ತಂತಿ ಸೇರಿಸಿ ತಾಪ ಅಳೆಯುವ ಥರ್ಮೋಕಪಲ್ ವಿಷಯ ಒಂದೇ ಮಾತಲ್ಲಿ: ಕೆ ಟೈಪ್‌ನ ಎಕ್ಸ್‌ಟೆನ್ಶನ್ ಕೇಬಲ್ ಎರಡೂ ತುದಿಯಲ್ಲಿ ಅದಲುಬದಲಾದರೆ ತಾಪ ಸರಿಯಾಗಿಯೇ ಏರುವಂತೆ ಕಾಣುತ್ತದೆ, ತಪ್ಪು ಅಡಗಿ ಕೂರುತ್ತದೆ. ಕಂಪನ ಅಳೆಯುವ ಚಾರ್ಜ್ ಟೈಪ್ ಅಕ್ಸೆಲೆರೋಮೀಟರಿನ ಕೇಬಲನ್ನು ಸೆನ್ಸರಿನ ಹತ್ತಿರವೇ ಬಿಗಿಯಾಗಿ ಕಟ್ಟಿ. ಅಲುಗಾಡುವ ಕೇಬಲ್ ತಾನೇ ಸಿಗ್ನಲ್ ಹುಟ್ಟಿಸುತ್ತದೆ.

ಭಾರ ಇಳಿಸಿದ ಮೇಲೂ ಕೆಲವು ಚಾನೆಲ್‌ಗಳು ಸೊನ್ನೆಗೆ ಮರಳುವುದಿಲ್ಲ. ಸ್ಟ್ರಕ್ಚರ್ ವಿನ್ಯಾಸದವರು ಕೂಡಲೇ ಲೋಹ ಮರಳಲಾರದಷ್ಟು ಹಿಗ್ಗಿತೇ (ಯೀಲ್ಡ್ ಆಯಿತೇ) ಎಂದು ಕೇಳುತ್ತಾರೆ. ಉತ್ತರಿಸುವ ಮೊದಲು ಮತ್ತೆ ಶಂಟ್ ಹಾಕಿ, ಭಾರ ಬೀಳದ ಡಮ್ಮಿ ಗೇಜ್ ನೋಡಿ, ಪಕ್ಕದ ಗೇಜುಗಳೂ ಅದೇ ದಿಕ್ಕಿಗೆ ಸರಿದಿವೆಯೇ ಗಮನಿಸಿ. ಡಮ್ಮಿಯೂ ಸರಿದಿದ್ದರೆ ತಾಪವನ್ನು ಶಂಕಿಸಿ. ಒಂದೇ ಗೇಜ್ ಸರಿದಿದ್ದರೆ ಮೊದಲು ಅಂಟನ್ನು. ಡಮ್ಮಿ ಕದಲದೆ, ಸಾಲಾಗಿ ನಾಲ್ಕೈದು ಗೇಜ್ ಸರಿದಿದ್ದರೆ ಮುಂದಿನ ಲೋಡ್ ನಿಲ್ಲಿಸಿ, ಅವರನ್ನು ರೆಕ್ಕೆಯ ಹತ್ತಿರ ಕರೆಯಿರಿ.