ಮಾಮಾ ತಂದ ತೆನೆ

"ಅಲ್ಲಿನ ಮರಿಯಮ್ಮಂಗೂ ಸೆಪ್ಟೆಂಬರ್ ಎಂಟಕ್ಕೇ ಬರ್ತ್‌ಡೇನಾ ಚಿಕ್ಕಮ್ಮಾ?" ಬಾಳೆಹೊನ್ನೂರಿನ ಮಳೆ ಸದ್ದಿನ ನಡುವೆ ವಿಡಿಯೊ ಕಾಲ್‌ನಲ್ಲಿ ತೂರಿಬರುವ ಈ ಪ್ರಶ್ನೆಗೆ ಉತ್ತರ ಸುಲಭ. ಹೌದು ಮರೀ, ಅದೇ ದಿನ. ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬವೇ ನಮ್ಮ ಕಥೋಲಿಕರಿಗೆ ತೆನೆಹಬ್ಬ, ಹೊಸ ಭತ್ತದ ತೆನೆಯನ್ನು ಮಂತ್ರಿಸಿ ಅದರ ಕಾಳನ್ನು ಪಾಯಸಕ್ಕೆ ಬೆರೆಸಿ ಹಂಚಿ ಉಣ್ಣುವ ದಿನ. ಬೆನ್ನಿಗೇ ಬರುವ ಪ್ರಶ್ನೆಗೆ ಮಾತ್ರ ತಡವರಿಸಬೇಕಾಗುತ್ತದೆ: "ಮತ್ತೆ ತೆನೆ ಯಾರು ತಂದ್ಕೊಡ್ತಾರೆ?"

ಮಿಷನ್ ಕೆಲಸಕ್ಕೆಂದು ಟಾಂಜಾನಿಯಾದ ಕಿಲಿಮಂಜಾರೊ ಇಳಿಜಾರಿಗೆ ಹೋದ ಚಿಕ್ಕಮಗಳೂರಿನವರಿಗೆ ಊರು ಮರೆಯುವ ದಾರಿಯೇ ಇಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಕಾಫಿ, ಅದರ ಮೇಲೆ ಬಾಳೆಯ ನೆರಳು. ನಮ್ಮಲ್ಲಿ ಸಿಲ್ವರ್ ಓಕ್ ನಿಂತಲ್ಲಿ ಅಲ್ಲಿ ಬಾಳೆ, ಅಷ್ಟೇ ವ್ಯತ್ಯಾಸ. ಆ ಕಾಫಿಯೂ ಚರ್ಚಿನ ಅಂಗಳದಿಂದ ಹೊರಟದ್ದು: 1890ರ ದಶಕದಲ್ಲಿ ಕಿಲೆಮಾದ ಕಥೋಲಿಕ ಮಿಷನ್‌ನವರು ನೆಟ್ಟ ಗಿಡಗಳಿಂದ ಅದು ಬೆಟ್ಟವೆಲ್ಲ ಹಬ್ಬಿತು. ಹಾಗಾಗಿ ಹಬ್ಬದ ಸಾಮಾನಿಗೆ ಬರವಿಲ್ಲ. ಬಾಳೆ ಎಲೆ ಹಿತ್ತಲಲ್ಲೇ ಇದೆ, ತೆಂಗಿನಕಾಯಿ ಕರಾವಳಿಯಿಂದ ಬರುತ್ತದೆ. ಬೆಲ್ಲಕ್ಕೆ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ 'ಸುಕಾರಿ ಗುರು' ಅಂದರೆ ಸಿಗುತ್ತದೆ. ತುರಿಮಣೆ ಕೂಡ ಇದೆ. ಕಾಲು ಮಡಚಿ ಕೂತು ತುರಿಯುವ ಅದಕ್ಕೆ ಅಲ್ಲಿನವರು ಇಟ್ಟ ಹೆಸರು 'ತೆಂಗಿನ ಮೇಕೆ'!

ಇಲ್ಲದ್ದು ತೆನೆಯೊಂದೇ.

ಅಂಗಡಿಯಲ್ಲಿ 'ಮ್ಚೆಲೆ' ಎಂದರೆ ಕೊಡುವುದು ಅಕ್ಕಿ. ಬೇಯಿಸಿದರೆ ಅದು 'ವಾಲಿ'. ಗದ್ದೆಯಲ್ಲಿ ನಿಂತದ್ದು 'ಮ್ಪುಂಗ'. ಭತ್ತ, ಅಕ್ಕಿ, ಅನ್ನ ಎಂದು ಮೂರು ಹೆಸರಿಟ್ಟವರ ನಾಡು ಅದು, ಇಂಗ್ಲಿಷಿನ ಹಾಗೆ ಎಲ್ಲಕ್ಕೂ ಒಂದೇ ಪದ ಹಾಕಿ ಮುಗಿಸಿಲ್ಲ. ಆದರೂ 'ಮ್ಪುಂಗ' ಎಂದಷ್ಟೇ ಕೇಳಿದರೆ ಚೀಲದಲ್ಲಿ ತುಂಬಿದ ಒಣ ಭತ್ತ ಬರುತ್ತದೆ. 'ಮಾಸುಕೆ' ಎಂದು ಸೇರಿಸಬೇಕು, ತೆನೆಗಳು ಎಂದು.

ಊರಿಂದ ತರಿಸಿಕೊಳ್ಳಬಾರದೇ? ಹಿಂದೆ ಪರದೇಶದ ಮಕ್ಕಳಿಗೆ ಮಂತ್ರಿಸಿದ ತೆನೆಯನ್ನು ಕಾಗದದ ಜತೆ ಕವರಿಗೆ ಹಾಕಿ ಕಳಿಸುತ್ತಿದ್ದರು. ಈಗ ಕಳಿಸದಿರುವುದೇ ವಾಸಿ. ಹೊಟ್ಟು ಬಿಡಿಸದ ಭತ್ತವೆಂದರೆ ಬಿತ್ತನೆ ಬೀಜದ ಲೆಕ್ಕ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಗಡಿ ದಾಟಿಸುವಂತಿಲ್ಲ, ರೋಗವೂ ಹುಳವೂ ಕಾಳಿನೊಳಗೇ ಕೂತು ಪ್ರಯಾಣ ಮಾಡುತ್ತವೆ. ಇದೆಲ್ಲ ಸರಿಯಾದ ಮಾತೇ. ಆದರೆ "ಕಳಿಸ್ಬೇಡಿ ಅಮ್ಮಾ, ಕಸ್ಟಮ್ಸ್‌ನವ್ರು ಬಿಸಾಕ್ತಾರೆ" ಎಂದು ಫೋನಿನಲ್ಲಿ ಹೇಳುವಾಗ ಕಾಯಿದೆ ನಮ್ಮ ಕಿವಿಯಲ್ಲೇ ಉಳಿಯುತ್ತದೆ. ಅಮ್ಮನಿಗೆ ಕೇಳಿಸುವುದು 'ಬೇಡ' ಒಂದೇ.

ಹಾಗೆ ನೋಡಿದರೆ ಮಲೆನಾಡಿಗೂ ಈ ತೆನೆ ನೆಂಟನೇ. ಸೆಪ್ಟೆಂಬರ್ ಮೊದಲ ವಾರಕ್ಕೆ ನಮ್ಮ ಗದ್ದೆಗಳಲ್ಲಿ ನಾಟಿಯ ಪೈರು ಆಗಷ್ಟೇ ಬೇರೂರಿ ಹಸಿರಾಗಿರುತ್ತದೆ, ಕೊಯ್ಲಿಗೆ ಇನ್ನೂ ಎರಡು ಮೂರು ತಿಂಗಳು ಬಾಕಿ. ಹಬ್ಬದ ತೆನೆ ಹೆಚ್ಚಾಗಿ ಘಟ್ಟದ ಕೆಳಗಿನಿಂದ ಬರಬೇಕು. ತೋಟದ ಕೆಲಸಕ್ಕೆ ಘಟ್ಟ ಹತ್ತಿ ಬಂದವರು ಹಬ್ಬವನ್ನೂ ಹೊತ್ತು ತಂದರು. 1963ರಲ್ಲಿ ಚಿಕ್ಕಮಗಳೂರು, ಹಾಸನ ಸೇರಿ ಮೈಸೂರಿನಿಂದ ಬೇರೆ ಧರ್ಮಕ್ಷೇತ್ರ, ಅಂದರೆ ಬೇರೆ ಬಿಷಪರ ಆಡಳಿತದ ಪ್ರದೇಶ, ಆಗುವ ಹೊತ್ತಿಗೆ ಅದು ಇಲ್ಲಿನದೇ ಆಗಿಹೋಗಿತ್ತು.

ಕಿಲಿಮಂಜಾರೊದಲ್ಲೂ ತೆನೆ ಕೆಳಗಿನಿಂದಲೇ ಬರಬೇಕು. ಮೋಶಿ ಪಟ್ಟಣದ ಕೆಳಗಿನ ಬಯಲಿನಲ್ಲಿ, 1980ರ ದಶಕದಲ್ಲಿ ಜಪಾನಿನ ನೆರವಿನಿಂದ ಆದ ಕಾಲುವೆಗಳ ಕೆಳಗೆ ಭತ್ತ ಬೆಳೆಯುತ್ತಾರೆ. ಮಳೆಗೆ ಕಾಯುವ ಬೆಳೆಯಲ್ಲವಾದ್ದರಿಂದ ಒಂದು ಮಡಿ ಹಸಿರಿದ್ದರೆ ಇನ್ನೊಂದು ಹಣ್ಣಾಗಿರುವುದುಂಟು. ತರುವುದು ಪಕ್ಕದ ಮನೆಯ ಮಾಮಾ. ಅಲ್ಲಿ ಮಾಮಾ ಅಂದರೆ ತಾಯಿ. ನಮ್ಮವರಿಗೆ ಮೊದಲ ವಾರ ಹೆಂಗಸರನ್ನು ಹಾಗೆ ಕರೆಯಲು ನಾಲಿಗೆಯೇ ಏಳುವುದಿಲ್ಲ. ಸಂತೆಗೆ ಬಾಳೆಗೊನೆ ಒಯ್ದವರು ವಾಪಸು ಬರುವಾಗ ಕಾಂಗಾ ಬಟ್ಟೆಯ ಮಡಿಲಿನಿಂದ ಕಟ್ಟು ತೆಗೆದು ಕೈಗಿಡುತ್ತಾರೆ. ದುಡ್ಡು ಚಾಚಿದರೆ ಮುಖ ಸಣ್ಣದಾಗುತ್ತದೆ. ಕೊಡಲಿಕ್ಕೆಂದು ಸಮುದ್ರ ದಾಟಿ ಹೋದವರು ಎರಡೂ ಕೈ ಚಾಚಿ ಇಸಿದುಕೊಳ್ಳುವುದನ್ನು ಅಲ್ಲೇ ಕಲಿಯಬೇಕು, 'ಅಸಾಂತೆ', ಅಂದರೆ ಧನ್ಯವಾದ, ಎಂದು ಹೇಳಿ ಸುಮ್ಮನಿರಬೇಕು. ಸ್ವಾಹಿಲಿ ವ್ಯಾಕರಣಕ್ಕಿಂತ ಇದು ಕಷ್ಟ.

ತೆನೆ ಮುಕ್ಕಾಲು ಪಾಲು ಹಳದಿಗೆ ತಿರುಗಿರಬೇಕು. ಇನ್ನೂ ಹಾಲುಗಾಳಾಗಿದ್ದರೆ ಕುಟ್ಟುವಾಗ ಹಿಟ್ಟಾಗಿ ಹೊಟ್ಟಿಗೇ ಮೆತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಬಿಟ್ಟರೆ ಬಿಸಿಯೇರಿ ಬೂಸಲು ಹಿಡಿಯುತ್ತದೆ. ತಲೆಕೆಳಗಾಗಿ ನೆರಳಲ್ಲಿ ಕಟ್ಟಬೇಕು. ಪಾಯಸಕ್ಕೆ ಬೇಕಾದ ಹತ್ತು ತೆನೆಯನ್ನು ಹಿಂದಿನ ದಿನವೇ ಬೇರೆ ಮಾಡಿ ಬಿಸಿಲು ಕಾಣಿಸಿ. ಒಂದರಲ್ಲಿ ನೂರು ಕಾಳು ಹಿಡಿದರೂ ಎಲ್ಲ ಸೇರಿ 25 ಗ್ರಾಂ ಭತ್ತ. ಹೊಟ್ಟು ಹೋದರೆ ಒಂದು ಸಣ್ಣ ಹಿಡಿ. ಮೂವತ್ತು ಜನಕ್ಕೆ ಅಷ್ಟು ಸಾಕು, ಹೊಟ್ಟೆ ತುಂಬಲಿಕ್ಕಲ್ಲವಲ್ಲ. ಮರದ ಒರಳಿಗೆ ಅಲ್ಲಿ 'ಕಿನು' ಎನ್ನುತ್ತಾರೆ. ಒನಕೆಯನ್ನು ಎತ್ತಿ ಹಾಕದೆ ಮೆಲ್ಲಗೆ ತಿರುವಿದರೆ ಕಾಳು ನುಚ್ಚಾಗದು.

ಉಳಿದ ಪಾಯಸಕ್ಕೆ ಅಂಗಡಿ ಅಕ್ಕಿ ಅರ್ಧ ಕೆ.ಜಿ., ಬೆಲ್ಲವೂ ಅಷ್ಟೇ, ದಪ್ಪ ಕಾಯಿ ಮೂರು. ಎರಡನೇ ಹಾಲಿನಲ್ಲಿ ಅಕ್ಕಿ ಮೆತ್ತಗೆ ಬೆಂದ ಮೇಲೆಯೇ ಬೆಲ್ಲ, ಮೊದಲೇ ಹಾಕಿದರೆ ಅಗುಳು ಗಟ್ಟಿಯಾಗಿ ನಿಲ್ಲುತ್ತದೆ. ಗಟ್ಟಿ ಹಾಲು ಒಲೆಯಿಂದ ಇಳಿಸಿದ ಮೇಲೆ. ಕುದಿಸಿದರೆ ಒಡೆಯುತ್ತದೆ, ದೂರುವುದು ಮಾತ್ರ ಪರದೇಶದ ಕಾಯಿಯನ್ನು. ಕೆಸುವಿಗೆ ಅಂಬಟೆ ಸಿಗದು. ಹುಣಸೆ ನಿಂಬೆಗಾತ್ರಕ್ಕಿಂತ ಕೊಂಚ ಜಾಸ್ತಿಯೇ ಇರಲಿ. ಗಂಟಲು ಕೆರೆದರೆ ಇಡೀ ಜುಮುಯಾ ಮುಂದೆ ಮಾನ ಹೋಗುತ್ತದೆ.

ಜುಮುಯಾ ಎಂದರೆ ವಾರಕ್ಕೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುವ ನೆರೆಹೊರೆ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಗೂ ಅವರ ಮಕ್ಕಳೇ ಹೂ ತರುತ್ತಾರೆ, ಡೇರೆ ಹೂವಿಗೆ ಕಾದು ಕೂತವರ ಕೈಗೆ ಕೆಂಪು ದಾಸವಾಳ. ಜಪಸರದಲ್ಲಿ 'ಸಲಾಮು ಮರಿಯಾ' ಮೂರನೇ ರಹಸ್ಯದವರೆಗೆ, ಅಂದರೆ ಮೂರನೇ ಸುತ್ತಿನವರೆಗೆ, ಚೆನ್ನಾಗಿಯೇ ಸಾಗುತ್ತದೆ. ಆಮೇಲೆ ಬಾಯಿ ತನ್ನಷ್ಟಕ್ಕೆ 'ನಮೋ ಮರಿಯಾ' ಎನ್ನತೊಡಗುತ್ತದೆ. ಯಾರೂ ತಿದ್ದುವುದಿಲ್ಲ. ಅಷ್ಟು ವರ್ಷ ಮನೆಯಲ್ಲಿ ನಿದ್ದೆಗಣ್ಣಿನಲ್ಲಿ, ಯಾವಾಗ ಮುಗಿಯುತ್ತದೋ ಎಂದು ಹೇಳಿಕೊಂಡು ಬಂದ ಅದೇ ಪ್ರಾರ್ಥನೆ.

ಹಬ್ಬದ ದಿನ ಅಲ್ಲಿ ಬೆಳಗಿನ ಹತ್ತೂವರೆಯಾದರೆ ಬಾಳೆಹೊನ್ನೂರಿನಲ್ಲಿ ಮಧ್ಯಾಹ್ನ ಒಂದು, ಎಲೆ ಹಾಕುವ ಹೊತ್ತು. ಮಾಮಾ ಕಾಯಿ ತುರಿಯುತ್ತಿರುವಾಗ ಕಾಲ್ ಬರುತ್ತದೆ. ಮಗು ಮೊದಲು ಪಲ್ಯಗಳನ್ನು ಎಣಿಸಿ ತೋರಿಸುತ್ತದೆ: ಬೆಂಡೆ, ಹೀರೆ, ಅಲಸಂದೆ, ಕೆಸು, ಸೌತೆ. ಐದು. ಎಲೆಗಳನ್ನು ಎಣಿಸುವಾಗ ಒಂದು ಹೆಚ್ಚು ಬರುತ್ತದೆ. "ಇದು ನಿಂದು ಚಿಕ್ಕಮ್ಮಾ, ಅಜ್ಜಿ ಹಾಕಿದ್ದು" ಎಂದು ಫೋನನ್ನು ಆ ಎಲೆಯ ಮುಂದೆ ನೀರಿನ ಲೋಟಕ್ಕೆ ಒರಗಿಸಿ ಊಟಕ್ಕೆ ಓಡುತ್ತದೆ. ಆಮೇಲೆ ಕಾಣುವುದು ಮಾಡಿನ ಹೆಂಚು, ಅದರತ್ತ ಏರುತ್ತಿರುವ ಅನ್ನದ ಹಬೆ.