ಬಿಗ್ ಎಂಡ್ ಎಂದುಕೊಂಡ ಸದ್ದು

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಶಿರಸಿಯ ನನ್ನ ಗ್ಯಾರೇಜಿಗೆ 1984ರ ಒಂದು ಬುಲೆಟ್ 350 ಬಂತು. ತಂದವರು ಹತ್ತಿರದ ಹಳ್ಳಿಯ ಅಡಿಕೆ ಬೆಳೆಗಾರರು. ಎಂಜಿನ್ನಿನ ಕೆಳಭಾಗದಿಂದ ಬರುತ್ತಿದ್ದ ‘ಟಕ್ ಟಕ್’ ಸದ್ದನ್ನು ಕೇಳಿದ ಬೇರೊಬ್ಬ ಮೆಕ್ಯಾನಿಕ್, ಬಿಗ್ ಎಂಡ್ ಹೋಗಿದೆ, ಕ್ರ್ಯಾಂಕನ್ನು ಬಿಚ್ಚಿ ಹುಬ್ಬಳ್ಳಿಗೆ ಕಳಿಸಬೇಕು ಎಂದು ಅವರಿಗೆ ಹೇಳಿದ್ದರಂತೆ. ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡವೇ ಕ್ರ್ಯಾಂಕ್; ಪಿಸ್ಟನ್ನಿನ ಕೋಲು ಅದಕ್ಕೆ ಕೂಡುವ ಕಡೆಯ ಬೇರಿಂಗೇ ಬಿಗ್ ಎಂಡ್. “ತಮ್ಮಾ, ಇದು ಅಪ್ಪಯ್ಯ ಓಡಿಸಿದ ಗಾಡಿ. ಬಿಚ್ಚಲೇಬೇಕು ಅಂದರೆ ಬಿಚ್ಚು, ಆದರೆ ನೋಡಿ ಬಿಚ್ಚು” ಎಂದಷ್ಟೇ ಹೇಳಿ ಅವರು ಬಸ್ಸು ಹಿಡಿದರು.

ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು, ಕ್ರ್ಯಾಂಕನ್ನು ಒಳಗಿಟ್ಟುಕೊಂಡ ಕ್ರ್ಯಾಂಕ್ ಕೇಸಿಗೆ ಒತ್ತಿ, ಹಿಡಿಕೆಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ ಕೇಳಿದಾಗ ಸದ್ದು ಸ್ಪಷ್ಟವಾಗಿಯೂ ಗಡುಸಾಗಿಯೂ ಇತ್ತು. ನಾನೂ ಬಿಗ್ ಎಂಡ್ ಎಂದೇ ತೀರ್ಮಾನಿಸಿ ಖರ್ಚಿನ ಅಂದಾಜು ಬರೆದಿಟ್ಟೆ. ಅದು ಅವಸರದ ತೀರ್ಮಾನವಾಗಿತ್ತು. ಕ್ರ್ಯಾಂಕ್ ಕೇಸ್ ಎಂದರೆ ಬೋಲ್ಟ್ ಹಾಕಿ ಬಿಗಿಯಾಗಿ ಕೂಡಿಸಿದ ಲೋಹದ ಎರಡು ಹೋಳು. ಅದರ ಎಡಬದಿಯಲ್ಲಿ ಹುಟ್ಟಿದ ಸದ್ದು ನಡುವಿನಲ್ಲೂ ಅಷ್ಟೇ ಜೋರಾಗಿ ಕೇಳುತ್ತದೆ ಎಂಬುದನ್ನು ನಾನು ಆ ಗಳಿಗೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮೊದಲಿನಿಂದ ಆರಂಭಿಸಿದೆ. ಪಿಸ್ಟನ್ ಕಂಪ್ರೆಶನ್ ಹೊಡೆತದಲ್ಲಿ ತುತ್ತತುದಿಗೆ ಬಂದಾಗ ವಾಲ್ವನ್ನು ತೆರೆಯುವ ಕಡ್ಡಿ, ಅಂದರೆ ಪುಶ್ ರಾಡ್, ಬೆರಳಿಗೆ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲುಗಬಾರದು; ಆ ಕಡ್ಡಿಯನ್ನು ತಳದಿಂದ ಎತ್ತುವ ಎರಡೂ ಟ್ಯಾಪೆಟ್‌ಗಳು ಹಾಗೆಯೇ ಇದ್ದವು. ಪಿಸ್ಟನ್ ಸದ್ದಾಗಿದ್ದರೆ ಬೀಡು ಕಬ್ಬಿಣದ ಸಿಲಿಂಡರ್ ಬಿಸಿಯಾದಂತೆ ಅದು ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಬಳಿಕ ಎಂಜಿನ್ನನ್ನು ಆದಷ್ಟು ನಿಧಾನಕ್ಕಿಳಿಸಿ ಸೈಲೆನ್ಸರಿನ ಬಡಿತದ ಜೊತೆ ಹೋಲಿಸಿದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದು ಬಡಿತ. ಒಂದು ಟ್ಯಾಪೆಟ್ ಸಡಿಲವಿದ್ದರೆ ಬಡಿತಕ್ಕೊಂದೇ ಸದ್ದು ಬರುತ್ತದೆ. ಇಲ್ಲಿ ಎರಡು ಬರುತ್ತಿದ್ದವು. ಅಂದರೆ ದೋಷವಿದ್ದದ್ದು ಕ್ರ್ಯಾಂಕಿನ ಜೊತೆಯಲ್ಲೇ ತಿರುಗುವ ಯಾವುದೋ ಭಾಗದಲ್ಲಿ.

ಅನುಮಾನ ತಿರುಗಿದ್ದು ಏರಿನಲ್ಲಿ. ಟಾಪ್ ಗೇರಿನಲ್ಲಿ ಎಂಜಿನ್ನಿಗೆ ಭಾರ ಬೀಳುವಂತೆ ಸ್ವಲ್ಪ ದೂರವಷ್ಟೇ ಏರಿಸಿ ನೋಡಿದೆ. ಬಿಗ್ ಎಂಡ್ ಸವೆದಿದ್ದರೆ ಭಾರ ಹೆಚ್ಚಿದಷ್ಟೂ ಬಡಿತ ಹೆಚ್ಚಬೇಕು. ಈ ಸದ್ದು ಮಾತ್ರ ಎಳೆತ ಬಿಗಿಯಾದಂತೆ ಅಡಗಿ, ಗಾಡಿಯನ್ನು ನಿಲ್ಲಿಸಿ ನಿಧಾನಕ್ಕೆ ಬಿಟ್ಟ ಕೂಡಲೇ ಮತ್ತೆ ತಲೆ ಎತ್ತಿತು. ನಿಧಾನದಲ್ಲಿ ಒಂಟಿ ಸಿಲಿಂಡರಿನ ಕ್ರ್ಯಾಂಕ್ ಒಮ್ಮೆ ಮುನ್ನುಗ್ಗುತ್ತದೆ, ಒಮ್ಮೆ ತಡೆಯುತ್ತದೆ. ಅದರ ತುದಿಯಲ್ಲಿ ಸಡಿಲವಾಗಿ ಕೂತ ಭಾರವಾದ ವಸ್ತು ಏನಿದ್ದರೂ ಹಿಂದೆ ಮುಂದೆ ಬಡಿದುಕೊಳ್ಳುತ್ತದೆ. ಎಂಜಿನ್ ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿದೆ, ಫಿಲ್ಟರಿನ ಮಡಿಕೆಗಳನ್ನೂ ಬಿಡಿಸಿ ನೋಡಿದೆ. ಬಿಗ್ ಎಂಡ್ ಸವೆದಿದ್ದರೆ ಕಾಣಬಹುದಾಗಿದ್ದ ಹೊಳೆಯುವ ಲೋಹದ ಚೂರು ಒಂದೂ ಇರಲಿಲ್ಲ.

ಆಗ ಎಡಬದಿಯಲ್ಲಿ, ಕ್ರ್ಯಾಂಕಿನಿಂದ ಕ್ಲಚ್ಚಿಗೆ ಶಕ್ತಿ ಒಯ್ಯುವ ಪ್ರೈಮರಿ ಚೈನಿನ ಮುಚ್ಚಳವನ್ನು ತೆಗೆದೆ. ಕ್ರ್ಯಾಂಕಿನ ತುದಿಯಲ್ಲಿ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರಿನ ತಿರುಗುವ ಭಾಗವಾದ ರೋಟರನ್ನು ಎರಡು ಬೆರಳಿನಲ್ಲಿ ಹಿಡಿದು ಅಲುಗಿಸಿದರೆ, ಕ್ರ್ಯಾಂಕ್ ನಿಂತಲ್ಲೇ ನಿಂತಿದ್ದು ರೋಟರ್ ಮಾತ್ರ ಕೂದಲೆಳೆಯಷ್ಟು ತಿರುಗಿ ಅದೇ ‘ಟಕ್’ ಎಂದಿತು. ರೋಟರಿನ ಸುತ್ತ ತಿರುಗದೆ ನಿಲ್ಲುವ ಸ್ಟೇಟರಿನ ಒಳಮೈಯಲ್ಲಿ ಒಂದು ಕಡೆ ಉಗುರಿನಗಲದ ಜಾಗ ಉಜ್ಜಿ ಬೆಳ್ಳಗಾಗಿತ್ತು. ರೋಟರನ್ನು ಹಿಡಿದಿಡುವ ನಟ್ ಸಡಿಲಗೊಳ್ಳದಂತೆ ತಡೆಯುವ ಲಾಕ್ ವಾಶರನ್ನು ಹಿಂದೆ ಯಾರೋ ತಟ್ಟಿ ಚಪ್ಪಟೆ ಮಾಡಿ ಎರಡನೆಯ ಸಲ ಬಳಸಿದ್ದರು. ಅದರ ಕಿವಿ ಮುರಿದು ನಟ್ ಸಡಿಲಗೊಂಡು, ರೋಟರನ್ನು ಶಾಫ್ಟಿಗೆ ಕಚ್ಚಿಸುವ ಲೋಹದ ತುಣುಕಾದ ಕೀ ಒಂದು ಮಗ್ಗುಲಿಗೆ ಸವೆದಿತ್ತು. ಕೆಲವು ರೂಪಾಯಿಯ ಆ ವಾಶರನ್ನು ಹೊಸದಾಗಿ ಹಾಕದೆ ಬಿಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಶಾಫ್ಟಿನಲ್ಲೂ ರೋಟರಿನಲ್ಲೂ ಕೀ ಕೂರುವ ಸೀಳುಗಳು ಅದೃಷ್ಟವಶಾತ್ ಹಾಳಾಗಿರಲಿಲ್ಲ. ಹೊಸ ಕೀ, ಹೊಸ ವಾಶರ್ ಹಾಕಿ ನಟ್ಟನ್ನು ಬಿಗಿದೆ. ಸ್ಟೇಟರನ್ನು ಕೂರಿಸಿ, ಸುತ್ತಲೂ ನಾಲ್ಕು ಕಡೆ ಸಂದು ಅಳೆಯುವ ತೆಳು ಲೋಹದ ಪಟ್ಟಿ, ಅಂದರೆ ಫೀಲರ್ ಗೇಜ್ ತೂರಿಸಿ ಅಂತರ ಒಂದೇ ಸಮವಾಗುವವರೆಗೆ ಸರಿಪಡಿಸಿದೆ. ಹೆಚ್ಚು ಸಮಯ ಹಿಡಿದದ್ದು ಇದೇ. ಜೋತುಬಿದ್ದಿದ್ದ ಪ್ರೈಮರಿ ಚೈನನ್ನೂ ಬಿಗಿ ಮಾಡಿ, ಆ ಪೆಟ್ಟಿಗೆಗೆ ಹೊಸ ಎಣ್ಣೆ ತುಂಬಿದೆ.

ಕಿಕ್ ಹೊಡೆದಾಗ ಉಳಿದದ್ದು ಹಳೆಯ ಬುಲೆಟ್ಟಿಗೆ ಸಹಜವಾದ ಟ್ಯಾಪೆಟ್ಟಿನ ಸಣ್ಣ ಸದ್ದು ಮಾತ್ರ. ಬರೆದಿಟ್ಟಿದ್ದ ಅಂದಾಜಿನ ಚೀಟಿಯನ್ನು ಹರಿದು ಹಾಕಿದೆ. ಮಾಲೀಕರು ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಹೋಗಿ ಬಂದರು. 500 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ತರಬೇಕೆಂದು ಹೇಳಿದ್ದೆ. ತಂದಾಗ ಮುಚ್ಚಳ ತೆಗೆದು ನೋಡಿದೆ, ನಟ್ಟಿಗೆ ನಾನು ಹಾಕಿದ್ದ ಬಿಳಿ ಬಣ್ಣದ ಗೆರೆ ಇದ್ದಲ್ಲೇ ಇತ್ತು.